ಮರದ ನೆಲಕ್ಕೆ ತಕ್ಕ ಹಲಗೆ

ಕಾಸರಗೋಡಿನ ಕಡೆಯ ಹಳೆಯ ಮಾಳಿಗೆಮನೆಗಳಲ್ಲಿ ಅನೇಕವಕ್ಕೆ ಮೇಲಂತಸ್ತಿನ ನೆಲವು ಮರದ ಹಲಗೆಯದೇ ಎಂಬುದನ್ನು ವಾಚಕರು ಬಲ್ಲರು. ಅಂತಹ ನೆಲವನ್ನು ಬಯಸುವವರು ಮೊದಲು ಕೇಳುವುದು, ಸಾಗುವಾನಿಯೋ ಹಲಸೋ ಎಂದು. ಮರದ ಜಾತಿಗಿಂತಲೂ ಮುಂಚೆ ಅದು ಎಷ್ಟು ಒಣಗಿದೆಯೆಂಬುದನ್ನು ವಿಚಾರಿಸಬೇಕೆಂದು ನಮ್ಮ ಅಭಿಪ್ರಾಯ.

ಹಸಿಮರವು ಒಣಗುವಾಗ ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ, ಅಗಲದಲ್ಲಿಯೇ ಹೆಚ್ಚು. ಅದರಲ್ಲಿಯೂ ಬೆಳವಣಿಗೆಯ ಬಳೆಗಳ ಗುಂಟ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಇಮ್ಮಡಿ. ಸಾಗುವಾನಿಯಲ್ಲಿ ಇವು ಹೆಚ್ಚುಕಡಿಮೆ ನೂರಕ್ಕೆ 5 ಮತ್ತು 2.5. ಈ ಅಸಮತೆಯಿಂದಲೇ ಹಲಗೆಯು ದೋಣಿಯಂತೆ ಬಾಗುವುದು. ಆದುದರಿಂದ ಹಲಗೆಯ ತುದಿಯನ್ನು ನೋಡಿರಿ: ಬಳೆಗಳು ಅದರ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಮೇಲು.

ಒಣಗಿದೆಯೆಂಬ ವ್ಯಾಪಾರಿಯ ಮಾತೊಂದೇ ಸಾಲದು. ತುಂಡೊಂದನ್ನು ತೂಗಿ, ಮನೆಯೊಳಗೆ ಎರಡು ವಾರವಿರಿಸಿ, ಮರಳಿ ತೂಗಿರಿ. ತೂಕವಿಳಿದಿದ್ದರೆ ಮರವಿನ್ನೂ ಹಸಿ. ತೊಗಟೆಯ ಬದಿಯ ಬಿಳಿಮರವು ಹುಳಕ್ಕೆ ಆಹಾರ; ಅದನ್ನು ಬಿಡುವುದೇ ಲೇಸು. ಹಲಸಿನ ಚೇಗಾದರೋ ಗೆದ್ದಲಿಗೆ ಸುಲಭವಾಗಿ ಸೋಲದು, ಬೆಲೆಯೂ ಸಾಗುವಾನಿಗಿಂತ ಕಡಿಮೆ.

ಮನೆ ಕೆಡವುವವರು ಅಟ್ಟದ ಹಲಗೆಗಳನ್ನು ಸೌದೆಯ ಬೆಲೆಗೆ ಮಾರಿ, ಹಲವು ಪಟ್ಟು ಹಣ ತೆತ್ತು ಹಸಿಮರ ತರುವುದನ್ನು ಕಂಡಾಗ ನಮಗೆ ವ್ಯಸನವಾಗುತ್ತದೆ. ತಲೆಮಾರುಗಳಿಂದ ಒಣಗಿದ ಮರವು ಹೊಸದಾಗಿ ಕೊಯ್ದ ರಾಶಿಯಲ್ಲಿ ಎಲ್ಲಿ ಸಿಕ್ಕೀತು? ಮೊಳೆ ಕಿತ್ತು, ಕೆಟ್ಟ ತುದಿಯನ್ನು ಕತ್ತರಿಸಿ, ಕೀಸುಳಿ ಹಾಕಿದರೆ ಅದು ಪುನಃ ನೆಲಕ್ಕಾಗುತ್ತದೆ.

ಹಾಸುವಾಗ ಗೋಡೆಯ ಬದಿಯಲ್ಲಿ ಸುಮಾರು ಅರ್ಧ ಅಂಗುಲ ತೆರವು ಬಿಡಬೇಕು. ಬೇಸಗೆಯಲ್ಲಿ ಒತ್ತಾಗಿ ಕೂರಿಸಿದ ಹಲಗೆಗಳು ಆಟಿಯ ಮಳೆಗೆ ಉಬ್ಬಿ ಮೇಲೇಳುವುವು. ಆ ತೆರವನ್ನು ಗೋಡೆಯಂಚಿನ ಮರದ ಪಟ್ಟಿಯೊಂದು ಮರೆಮಾಡುತ್ತದೆ.