ಗಣಿ ಕಾರ್ಮಿಕನ ಮಗಳು

ಅಮೆರಿಕದ ಕೆಂಟಕಿಯ ಬೆಟ್ಟಗಳ ಸಂದಿಯಲ್ಲಿ 1932ರಲ್ಲಿ ಹುಟ್ಟಿದ ಗಾಯಕಿ ಲೊರೆಟ್ಟಾ ಲಿನ್ ಅವರ ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕ. ಹದಿನೈದಕ್ಕೇ ಮದುವೆ; ಇಪ್ಪತ್ತರ ಆಸುಪಾಸಿನಲ್ಲೇ ನಾಲ್ಕು ಮಕ್ಕಳು. ಗಂಡ ತಂದುಕೊಟ್ಟ ಅಗ್ಗದ ಗಿಟಾರನ್ನು ತಾವಾಗಿಯೇ ನುಡಿಸಲು ಕಲಿತರು. 1960ರಲ್ಲಿ ಮೊದಲ ಹಾಡು ಧ್ವನಿಮುದ್ರಣವಾದಾಗ ದಂಪತಿ ಕಾರಿನಲ್ಲಿ ಊರೂರು ಸುತ್ತಿ ರೇಡಿಯೊ ಕೇಂದ್ರಗಳಿಗೆ ರೆಕಾರ್ಡ್ ಹಂಚಿದರು!

ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದಲ್ಲಿ ಆಗ ಹೆಂಗಸರು ಗಂಡನಿಗಾಗಿ ಕಣ್ಣೀರಿಡುವುದೇ ರೂಢಿಯಾಗಿತ್ತು. ಲೊರೆಟ್ಟಾ ಹಾಡಿದ್ದು ಕುಡಿದು ಬರುವ ಗಂಡನ ಮೇಲಿನ ಸಿಟ್ಟನ್ನು, ಸಾಲು ಹೆರಿಗೆಗಳ ಸುಸ್ತನ್ನು. ಗರ್ಭನಿರೋಧಕ ಮಾತ್ರೆಯ ಕುರಿತ ‘ದ ಪಿಲ್’ ಗೀತೆ 1975ರಲ್ಲಿ ಬಂದಾಗ ಹಲವು ಕೇಂದ್ರಗಳು ಪ್ರಸಾರವನ್ನೇ ನಿರಾಕರಿಸಿದವು. ಜನ ಮಾತ್ರ ಕೊಂಡು ಕೇಳಿದರು.

ಅಷ್ಟರಲ್ಲಾಗಲೇ, 1972ರಲ್ಲಿ, ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ‘ವರ್ಷದ ಮನರಂಜಕ’ ಗೌರವ ಪಡೆದ ಮೊದಲ ಮಹಿಳೆ ಅವರು. ಆತ್ಮಕಥೆ 1980ರಲ್ಲಿ ಸಿನಿಮಾ ಆಯಿತು. ಅದರಲ್ಲಿ ಲೊರೆಟ್ಟಾ ಪಾತ್ರವನ್ನು ಹಾಡುಗಳನ್ನೂ ಸ್ವತಃ ಹಾಡಿ ನಟಿಸಿದ ಸಿಸ್ಸಿ ಸ್ಪೇಸೆಕ್‌ಗೆ ಆಸ್ಕರ್ ಬಂತು.