ರಾಗಿ ಬೆಳೆ: ಬಿತ್ತನೆ ಪ್ರಮಾಣ ಮತ್ತು ಸಾರಜನಕದ ಹದ

ಪೆರೇಸಂದ್ರ ಸುತ್ತಲಿನ ಕೆಂಪು ಮಣ್ಣಿನ ಖುಷ್ಕಿ ಹೊಲಗಳಲ್ಲಿ ರಾಗಿಯು ಮಳೆಯನ್ನೇ ನಂಬಿದ ಮುಖ್ಯ ಬೆಳೆ. ಹೆಚ್ಚು ಬೀಜ, ಹೆಚ್ಚು ಯೂರಿಯಾ ಹಾಕಿದರೆ ಇಳುವರಿಯೂ ಹೆಚ್ಚುವುದೆಂಬ ನಂಬಿಕೆ ರೈತರಲ್ಲಿದೆ. ಪೈರು ಹಸಿರಾಗಿ ಕಾಣುವುದು ನಿಜ; ಕಣಕ್ಕೆ ಬರುವ ಕಾಳಿನ ಲೆಕ್ಕ ಬೇರೆ.

ಬಿತ್ತನೆ: ಒಂದು ಕೆ.ಜಿ. ರಾಗಿಯಲ್ಲಿ ಸುಮಾರು 3 ಲಕ್ಷ ಕಾಳುಗಳಿರುತ್ತವೆ. ಕೂರಿಗೆ ಬಿತ್ತನೆಗೆ ಎಕರೆಗೆ 4ರಿಂದ 5 ಕೆ.ಜಿ. ಬೀಜ ಸಾಕು. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಪೈರಿನಿಂದ ಪೈರಿಗೆ 10 ಸೆಂ.ಮೀ. ಅಂತರವಿದ್ದರೆ ಎಕರೆಯಲ್ಲಿ ಸುಮಾರು 1.35 ಲಕ್ಷ, ಅಂದರೆ ಚದರ ಮೀಟರಿಗೆ 33 ಪೈರುಗಳು ನಿಲ್ಲುತ್ತವೆ. ಪೈರು ದಟ್ಟವಾದರೆ ತೆಂಡೆ ಕಡಿಮೆಯಾಗಿ, ಕಾಂಡ ಸಣ್ಣದಾಗಿ, ತೆನೆ ಕಿರಿದಾಗುತ್ತದೆ. ಮಳೆ ಕೈಕೊಟ್ಟಾಗ ಇರುವ ತೇವಕ್ಕೆ ಪೈಪೋಟಿ ಬೀಳುತ್ತದೆ. ತೀರಾ ವಿರಳವಾದರೆ ಕಳೆ ಮೇಲುಗೈ ಪಡೆಯುತ್ತದೆ. ಆದುದರಿಂದ ಬಿತ್ತಿದ ಎರಡು ಮೂರು ವಾರಗಳಲ್ಲಿ, ಹದವಿರುವಾಗ ಎಡೆಕುಂಟೆ ಹೊಡೆದು ಹೆಚ್ಚುವರಿ ಪೈರು ಕೀಳಿಸುವುದು ಅವಶ್ಯಕ.

ಸಾರಜನಕ: ಮಳೆಯಾಶ್ರಿತ ರಾಗಿಗೆ ಎಕರೆಗೆ 20 ಕೆ.ಜಿ. ಸಾರಜನಕ, 16 ಕೆ.ಜಿ. ರಂಜಕ, 10 ಕೆ.ಜಿ. ಪೊಟ್ಯಾಷ್ ಬೇಕು. ಬಿತ್ತುವಾಗ 35 ಕೆ.ಜಿ. ಡಿ.ಎ.ಪಿ., 17 ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಗೂ 8 ಕೆ.ಜಿ. ಯೂರಿಯಾ ಕೊಡಬೇಕು. ಮೂರು ನಾಲ್ಕು ವಾರಗಳ ಬಳಿಕ ಕಳೆ ತೆಗೆದು, ಮಣ್ಣಿನಲ್ಲಿ ತೇವವಿರುವಾಗ 22 ಕೆ.ಜಿ. ಯೂರಿಯಾ ಮೇಲುಗೊಬ್ಬರವಾಗಿ ನೀಡಬೇಕು. ಒಟ್ಟು ಯೂರಿಯಾ 30 ಕೆ.ಜಿ.; 45 ಕೆ.ಜಿ. ಚೀಲದ ಮೂರರಲ್ಲಿ ಎರಡು ಭಾಗ ಮಾತ್ರ. ಇಡೀ ಚೀಲವನ್ನು ಒಮ್ಮೆಗೇ ಎರಚಿದರೆ ಬೆಳೆಗಾಲಕ್ಕೆಲ್ಲ ಬೇಕಾದ ಸಾರಜನಕ ಒಂದೇ ದಿನ ಬಿದ್ದಂತಾಗುತ್ತದೆ. ಆಗ ಪೈರು ಎತ್ತರವಾಗಿ, ಕಾಂಡ ಮೆದುವಾಗಿ, ತೆನೆಗಟ್ಟುವ ಕಾಲದ ಗಾಳಿಮಳೆಗೆ ಒರಗುತ್ತದೆ. ಬೆಂಕಿ ರೋಗಕ್ಕೂ ಸುಲಭವಾಗಿ ತುತ್ತಾಗುತ್ತದೆ. ಜಿಪಿಯು-28ರಂತಹ ರೋಗ ನಿರೋಧಕ ತಳಿಯೂ ನೆಲಕ್ಕೊರಗಿದರೆ ಕಾಳು ಜಳ್ಳಾಗುವುದು ತಪ್ಪದು.

ಜಳ್ಳು ಕಾಳಿನಿಂದ ಹಿಟ್ಟು ಕಡಿಮೆ. ಖರೀದಿ ಕೇಂದ್ರದ ಗುಣಮಟ್ಟ ಪರಿಶೀಲನೆಯಲ್ಲಿಯೂ ಅಡ್ಡಿ. 2025-26ನೇ ಸಾಲಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂ. ಇರುವಾಗ ಈ ನಷ್ಟ ಸಣ್ಣದಲ್ಲ.

ನೀರಾವರಿ ರಾಗಿಗೆ ಎಕರೆಗೆ 40 ಕೆ.ಜಿ. ಸಾರಜನಕದ ಶಿಫಾರಸಿದೆ; ಅದನ್ನು ಖುಷ್ಕಿ ಹೊಲಕ್ಕೆ ಅನ್ವಯಿಸಬಾರದು. ಡಿ.ಎ.ಪಿ. ದೊರೆಯದಿದ್ದಲ್ಲಿ ಬದಲಿ ಗೊಬ್ಬರದ ಲೆಕ್ಕವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಪಡೆಯಬೇಕು.

ಗ್ರಾಮ ಪಂಚಾಯಿತಿ ಸದಸ್ಯರು ಮುಂಗಾರಿಗೆ ಮುನ್ನವೇ ಗ್ರಾಮಸಭೆಯಲ್ಲಿ ಈ ಲೆಕ್ಕವನ್ನು ಓದಿ ಹೇಳುವುದು, ತಮ್ಮ ವಾರ್ಡಿನ ರೈತರು ಮಣ್ಣು ಪರೀಕ್ಷೆ ಮಾಡಿಸುವಂತೆ ನೋಡಿಕೊಳ್ಳುವುದು ಹಾಗೂ ಚಿಂತಾಮಣಿ ತಾಲ್ಲೂಕಿನ ಕುರುಬೂರು ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯಲು ನೆರವಾಗುವುದು. ಎಕರೆಗೆ ಉಳಿಯುವ 15 ಕೆ.ಜಿ. ಯೂರಿಯಾ, ಸರದಿಯಲ್ಲಿ ನಿಂತು ಬರಿಗೈಯಲ್ಲಿ ಮರಳುವ ಮತ್ತೊಬ್ಬ ರೈತನ ಹೊಲಕ್ಕೆ ಒದಗುತ್ತದೆ.