ಕಟ್ಟಡದ ಕಂತು ಮತ್ತು ‘ಮುಗಿದ ಕೆಲಸ’ದ ಅರ್ಥ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯವು ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೂ ದನಗಳ ಜಾತ್ರೆಗೂ ಹೆಸರಾದ ಕ್ಷೇತ್ರ. ಈಚಿನ ವರ್ಷಗಳಲ್ಲಿ ಆ ದಾರಿಯ ಇಕ್ಕೆಲಗಳಲ್ಲಿಯೂ ಹೊಸ ಮನೆಗಳು ಏಳುತ್ತಿವೆ. ಅಂತಹ ಒಂದು ಮನೆಯ ಯಜಮಾನರಿಗೂ ಗುತ್ತಿಗೆದಾರನಿಗೂ ನಡೆದ ವಿವಾದವನ್ನು ಹತ್ತಿರದಿಂದ ನೋಡುವ ಸಂದರ್ಭ ನಮಗೆ ಒದಗಿತು. ಸಂಶೋಧನ ಪತ್ರಿಕೆಯಲ್ಲಿ ಇದಕ್ಕೇನು ಸ್ಥಳವೆಂದು ವಾಚಕರು ಕೇಳಬಹುದು. ಆದರೆ ಕೆಲಸ ಮುಗಿಯುವ ಮೊದಲು ಕೂಲಿ ಸಲ್ಲುವುದೇ ಎಂಬ ಪ್ರಶ್ನೆಯು ನಮ್ಮ ದೇಶದಲ್ಲಿ ಬಹು ಹಿಂದೆಯೇ ಚರ್ಚಿತವಾದದ್ದು. ಆ ಚರ್ಚೆಯನ್ನು ಅರಿತವರಿಗೆ ಈ ಹೊಸ ಜಗಳವು ಅಷ್ಟೇನೂ ಹೊಸದಾಗಿ ತೋರದು.

ಯಜಮಾನರು ನಿವೃತ್ತ ಪ್ರಾಥಮಿಕ ಶಾಲಾ ಉಪಾಧ್ಯಾಯರು. ನಿವೃತ್ತಿಯಲ್ಲಿ ಬಂದ ಹಣಕ್ಕೆ ಬ್ಯಾಂಕಿನ ಸಾಲವನ್ನು ಸೇರಿಸಿ 24 ಲಕ್ಷ ರೂಪಾಯಿಗೆ ಮನೆಯ ಕೆಲಸವನ್ನು ಒಪ್ಪಿಸಿದ್ದರು. ಪಾಯ, ಲಿಂಟಲ್, ಛಾವಣಿ, ಗಾರೆ, ಕೊನೆಯ ಕೆಲಸ ಎಂದು ಕರಾರುಪತ್ರದಲ್ಲಿ ಐದು ಕಂತುಗಳು. ಛಾವಣಿಯ ಕಂತು 6 ಲಕ್ಷ. ಸೆಂಟ್ರಿಂಗ್ ಹಲಗೆ ಬಡಿದು ಕಬ್ಬಿಣ ಕಟ್ಟಿದೊಡನೆ ಗುತ್ತಿಗೆದಾರನು ಈ ಕಂತನ್ನು ಪೂರ್ತಿಯಾಗಿ ಕೇಳಿದನು.

“ಮೋಲ್ಡೇ ಹಾಕದೆ ಛಾವಣಿಯ ದುಡ್ಡು ಹೇಗಪ್ಪಾ ಕೊಡಲಿ?” ಎಂದರು ಯಜಮಾನರು.

“ಕಬ್ಬಿಣಕ್ಕೆ ಆಗಲೇ ಕೈಯಿಂದ ಹಾಕಿದ್ದೇನೆ ಮೇಷ್ಟ್ರೇ. ಸಿಮೆಂಟನ್ನು ಅಂಗಡಿಯವರು ಇನ್ನು ಸಾಲ ಕೊಡುವುದಿಲ್ಲ” ಎಂದನು ಆತ.

ಇಬ್ಬರ ಮಾತೂ ನಿಜ. ಬ್ಯಾಂಕು ಸಹ ತನ್ನ ಇಂಜಿನಿಯರು ಬಂದು ಛಾವಣಿಯನ್ನು ಕಂಡಲ್ಲದೆ ಸಾಲದ ಮುಂದಿನ ಭಾಗವನ್ನು ಬಿಡುವಂತಿರಲಿಲ್ಲ. ಹನ್ನೊಂದು ದಿನ ಕೆಲಸ ನಿಂತಿತು. ತುಂತುರು ಮಳೆಗೆ ಕಟ್ಟಿದ ಕಬ್ಬಿಣವು ಕೆಂಪಾಗತೊಡಗಿತು.

ಈಗ ಹಳೆಯ ಚರ್ಚೆಗೆ ಬರೋಣ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಭೃತಕರ ವಿಷಯವಾದ ಒಂದು ಅಧ್ಯಾಯವಿದೆ. ಅಲ್ಲಿ ಪೂರ್ವಾಚಾರ್ಯರ ಮತವನ್ನು ಮೊದಲು ಹೇಳಲಾಗಿದೆ: ಕೆಲಸಗಾರನು ಸಿದ್ಧನಾಗಿ ಬಂದು ನಿಂತಾಗ ಒಡೆಯನು ಕೆಲಸ ಮಾಡಿಸದಿದ್ದರೆ ಆ ಕೆಲಸ ಆಯಿತೆಂದೇ ಎಣಿಸತಕ್ಕದ್ದು. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ವೇತನವು ಮಾಡಿದ ಕೆಲಸಕ್ಕೇ ಹೊರತು ಮಾಡದುದಕ್ಕಲ್ಲ ಎಂಬುದು ಅವನ ಮತ. ಆದರೆ ಅಲ್ಲಿಗೇ ಅವನು ನಿಲ್ಲುವುದಿಲ್ಲ. ಒಡೆಯನು ಸ್ವಲ್ಪವಾದರೂ ಕೆಲಸ ಮಾಡಿಸಿಕೊಂಡು ಆಮೇಲೆ ತಡೆದರೆ, ಆಗ ಅದನ್ನು ಆದ ಕೆಲಸವೆಂದೇ ತಿಳಿಯಬೇಕೆನ್ನುತ್ತಾನೆ. ವೇತನ ಪಡೆದೂ ಕೆಲಸ ಮಾಡದ ಭೃತಕನಿಗೆ 12 ಪಣ ದಂಡವನ್ನೂ, ಕೆಲಸ ಮಾಡುವವರೆಗೆ ನಿರ್ಬಂಧವನ್ನೂ ವಿಧಿಸುತ್ತಾನೆ. ಅರ್ಥಶಾಸ್ತ್ರದ ಭೃತಕನನ್ನು ಇಂದಿನ ಗುತ್ತಿಗೆದಾರನೊಡನೆ ಒಂದೇ ಎನ್ನುವುದು ಸರಿಯಲ್ಲ. ಗ್ರಂಥದ ಕಾಲವೂ ವಿದ್ವಾಂಸರಲ್ಲಿ ವಿವಾದಾಸ್ಪದವೇ. ಆದರೂ ಎರಡು ಕಡೆಯ ತಪ್ಪನ್ನೂ ಒಂದೇ ಪ್ರಕರಣದಲ್ಲಿ ಕಂಡ ಆ ದೃಷ್ಟಿಯು ಗಮನಾರ್ಹವಾದುದು.

1872ರ ಭಾರತೀಯ ಕರಾರು ಅಧಿನಿಯಮದಲ್ಲಿಯೂ ಇದೇ ಜೋಡಿ ಕಾಣುತ್ತದೆ. ಪರಸ್ಪರ ವಾಗ್ದಾನಗಳ ಅನುಕ್ರಮವನ್ನು ಹೇಳುವ 52ನೆಯ ಪ್ರಕರಣದ ಮೊದಲ ದೃಷ್ಟಾಂತವು ಮನೆ ಕಟ್ಟುವುದೇ: ಗೊತ್ತಾದ ಬೆಲೆಗೆ ಮನೆ ಕಟ್ಟಿಕೊಡುವ ಕರಾರಿದ್ದರೆ ಕಟ್ಟುವ ಮಾತು ಮೊದಲು ನಡೆಯಬೇಕು, ಹಣ ಕೊಡುವ ಮಾತು ಆಮೇಲೆ. 54ನೆಯ ಪ್ರಕರಣದ ದೃಷ್ಟಾಂತವೊಂದು ಇದರ ಮತ್ತೊಂದು ಮುಖ: ಕೆಲಸಕ್ಕೆ ಬೇಕಾದ ಮರಮುಟ್ಟುಗಳನ್ನು ಕೊಡುವೆನೆಂದು ಒಪ್ಪಿದ ಯಜಮಾನನು ಕೊಡದೆಹೋದರೆ ಕಟ್ಟುವವನು ಕೆಲಸ ಮಾಡಬೇಕಾಗಿಲ್ಲ, ಮೇಲಾಗಿ ಅವನ ನಷ್ಟವನ್ನು ಯಜಮಾನನೇ ತುಂಬಬೇಕು.

ಆದರೆ ನಮ್ಮ ಉಪಾಧ್ಯಾಯರ ತೊಡಕು ಇಷ್ಟರಿಂದ ಬಿಡಿಸಿಕೊಳ್ಳದು. ಹಂತ ಎಂಬುದು ಕರಾರಿನಿಂದ ಹುಟ್ಟಿದ ವಸ್ತು. ಅದು ಎಲ್ಲಿ ಮುಗಿಯುವುದೆಂಬುದನ್ನು ಕರಾರೇ ಹೇಳಬೇಕು. ದೊಡ್ಡಬಳ್ಳಾಪುರದ ಕೂಲಿಮಗ್ಗದಲ್ಲಿ ಸೀರೆಯು ಮಗ್ಗದಿಂದ ಇಳಿದರೆ ಮುಗಿಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಛಾವಣಿಯು ಹಾಗಲ್ಲ. ಕಾಂಕ್ರೀಟು ಸುರಿದ ದಿನ ಅದು ಮುಗಿಯಿತೆನ್ನಬಹುದು. ಅಡಿಯ ಊರೆಗಳನ್ನು ತೆಗೆದ ದಿನ ಎನ್ನಲೂಬಹುದು. ಐ.ಎಸ್. 456 (2000) ಎಂಬ ಸಂಹಿತೆಯಂತೆ ಹರವು 4.5 ಮೀಟರಿನವರೆಗಿದ್ದರೆ ಊರೆಗಳು 7 ದಿನವೂ, ಅದಕ್ಕೆ ಮೀರಿದ್ದರೆ 14 ದಿನವೂ ಇರಬೇಕು. ಈ ಮನೆಯ ನಡುಮನೆಯ ಹರವು 16 ಅಡಿ, ಎಂದರೆ 4.5 ಮೀಟರಿಗೆ ಹೆಚ್ಚು. ಕಾಂಕ್ರೀಟಿನ ಬಲವನ್ನು ಗಣಿಸುವುದು 28ನೆಯ ದಿನದ ಪರೀಕ್ಷೆಯಿಂದ. ಹೀಗೆ ‘ಛಾವಣಿ ಹಂತ’ವೆಂಬ ಎರಡೇ ಶಬ್ದಗಳಿಗೆ ನಾಲ್ಕು ವಾರಗಳ ಅಂತರದಲ್ಲಿ ಮೂರು ಅರ್ಥಗಳು ಸಾಧ್ಯ. ಕಬ್ಬಿಣ ಕಟ್ಟಿದ ದಿನವೇ ಮುಗಿಯಿತೆಂಬ ನಾಲ್ಕನೆಯ ಅರ್ಥವನ್ನು ಗುತ್ತಿಗೆದಾರನು ಹೂಡಿದನು. ಅದೊಂದು ಮಾತ್ರ ನಮಗೆ ನಿಲ್ಲುವಂತೆ ಕಾಣಲಿಲ್ಲ.

ಲೋಕೋಪಯೋಗಿ ಇಲಾಖೆಯವರು ಈ ತೊಡಕನ್ನು ಬೇರೆ ರೀತಿಯಲ್ಲಿ ಪರಿಹರಿಸಿಕೊಂಡಿದ್ದಾರೆ. ಅಲ್ಲಿ ಹಂತದ ಹೆಸರಿಗೆ ಹಣವಿಲ್ಲ. ಅಳತೆ ಪುಸ್ತಕದಲ್ಲಿ ಬರೆದ ಅಳತೆಗೆ ಹಣ. ಆದಷ್ಟು ಕೆಲಸವನ್ನು ಅಳೆದು ಚಾಲ್ತಿ ಬಿಲ್ಲು ಮಾಡಿ, ಅದರಲ್ಲಿ ಒಂದು ಪಾಲನ್ನು ಭದ್ರತೆಗಾಗಿ ಹಿಡಿದಿಡುತ್ತಾರೆ. ಸ್ಥಳಕ್ಕೆ ತಂದ ಸಾಮಗ್ರಿಯ ಮೇಲೆ ಬೇರೆಯಾಗಿ ಮುಂಗಡ ಕೊಡುವ ಪದ್ಧತಿಯೂ ಉಂಟು. ಖಾಸಗಿ ಮನೆಗಳ ಕರಾರು ಬರೆಯುವವರು ಇದನ್ನು ನೋಡಿಯೂ ಕಲಿಯದಿರುವುದು ಆಶ್ಚರ್ಯ.

‘ರೇರಾ’ ಎಂದು ಪ್ರಸಿದ್ಧವಾದ 2016ರ ಅಧಿನಿಯಮವು ಇಲ್ಲಿ ನೆರವಾಗದೇ ಎಂದು ಹಲವರು ಕೇಳುತ್ತಾರೆ. ಪ್ರವರ್ತಕನಿಂದ ಮನೆಯನ್ನು ಕೊಳ್ಳುವವರಿಗೆ ಅದು ರಕ್ಷಣೆ: ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ, ಕೊಳ್ಳುವವರು ಕೊಟ್ಟ ಹಣದಲ್ಲಿ ಶೇಕಡ 70 ಪ್ರತ್ಯೇಕ ಖಾತೆಯಲ್ಲಿರಬೇಕು, ಇಂಜಿನಿಯರು, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕ ಈ ಮೂವರ ದೃಢೀಕರಣವಿದ್ದರೆ ಮಾತ್ರ ಕೆಲಸದ ಪ್ರಮಾಣಕ್ಕೆ ತಕ್ಕಂತೆ ಅದನ್ನು ತೆಗೆಯಬಹುದು. ಸ್ವಂತ ನಿವೇಶನದಲ್ಲಿ ಗುತ್ತಿಗೆ ಕೊಟ್ಟು ಮನೆ ಕಟ್ಟಿಸುವವರಿಗೆ ಈ ಏರ್ಪಾಡು ಅನ್ವಯಿಸದು. ಅವರಿಗಿರುವುದು ಕರಾರು ಅಧಿನಿಯಮ, ಮತ್ತು ಗೃಹನಿರ್ಮಾಣವನ್ನೂ ಸೇವೆಯೆಂದು ಗಣಿಸುವ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ. ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ. ಆದರೆ ಅರ್ಧ ಎದ್ದ ಗೋಡೆಯು ಮಳೆಗೆ ನೆನೆಯುತ್ತಿರುವಾಗ ಆಯೋಗದ ತೀರ್ಪಿಗಾಗಿ ಕಾಯುವ ಧೈರ್ಯ ಎಷ್ಟು ಮಂದಿಗಿದ್ದೀತು?

ಉಪಾಧ್ಯಾಯರು ಕಾಯಲಿಲ್ಲ. ಇಬ್ಬರಿಗೂ ಸಂಬಂಧವಿಲ್ಲದ ಇಂಜಿನಿಯರೊಬ್ಬರನ್ನು ಕರೆಸಿ ಕಟ್ಟಿದ ಕಬ್ಬಿಣವನ್ನು ಅಳೆಸಿದರು. 6 ಲಕ್ಷವು ಮೂರು ಪಾಲಾಯಿತು. ಕಬ್ಬಿಣ, ಸಿಮೆಂಟುಗಳ ಬಾಬ್ತು 2 ಲಕ್ಷವನ್ನು ಉಪಾಧ್ಯಾಯರು ತಮ್ಮ ಉಳಿತಾಯದಿಂದ ನೇರವಾಗಿ ಅಂಗಡಿಗೇ ಚೆಕ್ಕಿನ ಮೂಲಕ ಕೊಟ್ಟರು. ಕಾಂಕ್ರೀಟು ಬಿದ್ದು ಬ್ಯಾಂಕಿನವರು ನೋಡಿದ ಮೇಲೆ 3 ಲಕ್ಷ. ಉಳಿದ 1 ಲಕ್ಷ ಊರೆ ತೆಗೆದು, ಬಿರುಕು ಸೋರಿಕೆಗಳಿಲ್ಲವೆಂದು ಕಂಡ ನಂತರ. ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಸುವ ಖರ್ಚು ಗುತ್ತಿಗೆದಾರನದು. ಜಾತ್ರೆಯೊಳಗೆ ಗೃಹಪ್ರವೇಶ ಮಾಡಬೇಕೆಂಬ ಮನೆಯವರ ಆಸೆ ಮಾತ್ರ ನೆರವೇರಲಿಲ್ಲ.

ಈ ಒಪ್ಪಂದವನ್ನು ಉಪಾಧ್ಯಾಯರು ತಮ್ಮ ದುಂಡಗಿನ ಅಕ್ಷರದಲ್ಲಿ ಹಳೆಯ ಕರಾರುಪತ್ರದ ಬೆನ್ನಿಗೆ ಬರೆದರು. ರುಜು ಹಾಕುವ ಮೊದಲು ಗುತ್ತಿಗೆದಾರನು ಇನ್ನೊಂದು ಸಾಲನ್ನು ಸೇರಿಸಬೇಕೆಂದು ಹಟ ಹಿಡಿದನು: ಇಂಜಿನಿಯರು ಆಯಿತೆಂದು ಬರೆದುಕೊಟ್ಟ ಮೂರು ದಿನದೊಳಗೆ ಹಣ ಬಾರದಿದ್ದರೆ ಕೆಲಸ ನಿಲ್ಲಿಸಬಹುದು, ನಿಂತ ದಿನಗಳ ಆಳುಕೂಲಿ ಯಜಮಾನರದು. ಕೌಟಿಲ್ಯನನ್ನು ಆತ ಓದಿದವನಲ್ಲ. ಉಪಾಧ್ಯಾಯರು ಕ್ಷಣಕಾಲ ಯೋಚಿಸಿ ಆ ಸಾಲನ್ನೂ ಬರೆದರು.